ಎರೆಯಲ್ಲಿ ಹುಟ್ಟದ ಕಲ್ಲು

ಕಲಘಟಗಿಯ ಕಾಡಂಚಿನ ಕೆಂಪು ನೆಲದಲ್ಲಿ ಹೆಜ್ಜೆಗೊಂದು ಕಲ್ಲು ಕಾಲಿಗೆ ಎಡಹುತ್ತದೆ. ಅಲ್ಲಿಂದ ಮೂಡಣಕ್ಕೆ ಹೊರಟು, ಹುಬ್ಬಳ್ಳಿಯನ್ನು ದಾಟಿ, ಅಣ್ಣಿಗೇರಿಯ ಕಡೆಗೋ ನವಲಗುಂದದ ಕಡೆಗೋ ಸಾಗಿದಂತೆಲ್ಲ ಆ ಕಲ್ಲುಗಳು ಒಂದೊಂದಾಗಿ ಹಿಂದೆ ಸರಿದು, ಕಡೆಗೆ ಕಣ್ಣು ಹರಿಯುವಷ್ಟು ದೂರಕ್ಕೂ ಎರೆಯೊಂದೇ ಉಳಿಯುತ್ತದೆ. ನವಲಗುಂದದ ಗುಡ್ಡದಂತಹ ಒಂದೆರಡು ಒಂಟಿ ಗುಡ್ಡಗಳನ್ನು ಬಿಟ್ಟರೆ, ಬೆಣ್ಣೆಹಳ್ಳದ ಇಕ್ಕೆಲದ ಆ ಬಯಲಿನಲ್ಲಿ ಮೈಲುಗಟ್ಟಲೆ ರಂಟೆ ಹೊಡೆದರೂ ಕುಡಕ್ಕೆ ತಾಗುವುದು ಸುಣ್ಣದ ಹರಳಲ್ಲದೆ ಬೇರೆ ಕಲ್ಲಲ್ಲ. ಮನೆಯ ಒರಳು, ಬೀಸುವ ಕಲ್ಲು, ದನ ಕಟ್ಟುವ ಗೂಟದ ಕಲ್ಲು, ಗುಡಿಯ ಲಿಂಗ, ಇವೆಲ್ಲವೂ ಬಂಡಿಯ ಮೇಲೆ ಏರಿ ಬೇರೆ ಸೀಮೆಯಿಂದ ಬಂದಂತಹವು. ಅಣ್ಣಿಗೇರಿಯಲ್ಲಿ ಚಾಳುಕ್ಯರ ಕಾಲದಿಂದ ನಿಂತಿರುವ ಅಮೃತೇಶ್ವರ ದೇವಾಲಯದ ಕರಿಯ ಕಂಬಗಳ ನಡುವೆ ನಿಂತಾಗ, ಶಿಲ್ಪಿಯ ಉಳಿಯ ಕೌಶಲಕ್ಕೆ ಬೆರಗಾಗುವ ಮೊದಲು, ಇಷ್ಟು ಕಲ್ಲನ್ನು ಈ ಎರೆಯ ನಡುವಿಗೆ ಎಳೆದು ತಂದ ಎತ್ತುಗಳ ನೆನಪೇ ನನಗೆ ಬರುತ್ತದೆ.

ನಾನು ಹುಡುಗನಾಗಿದ್ದಾಗ ನಮ್ಮ ಅಜ್ಜ ಒಮ್ಮೆ ಕುಂಟೆ ಹೊಡೆಯುತ್ತ ಥಟ್ಟನೆ ಎತ್ತುಗಳನ್ನು ನಿಲ್ಲಿಸಿ, ಬಗ್ಗಿ, ಮುಷ್ಟಿಗಾತ್ರದ ಒಂದು ಕಪ್ಪು ಕಲ್ಲನ್ನು ಮಣ್ಣಿನಿಂದ ಹೆಕ್ಕಿ ತೆಗೆದು, ಧೋತರದ ಸೆರಗಿಗೆ ಒರೆಸಿ, ಬಹಳ ಹೊತ್ತು ಅದನ್ನು ಹೊರಳಿಸಿ ಹೊರಳಿಸಿ ನೋಡಿದರು. ಅನಂತರ ಅದನ್ನು ಬದುವಿನ ಮೇಲಿರಿಸಿ, “ಎರ್ಯಾಗ ಕಲ್ಲು ಹುಟ್ಟಂಗಿಲ್ಲೋ ತಮ್ಮಾ, ಇದು ಎಲ್ಲಿಂದನೋ ಬಂದದ್ದು” ಎಂದರು. ಹಳ್ಳದ ನೆರೆಯಲ್ಲಿ ಉರುಳಿ ಬಂದುದೋ, ಯಾವುದೋ ಬಂಡಿಯಿಂದ ಜಾರಿ ಬಿದ್ದುದೋ ಆಗಿದ್ದಿರಬಹುದಾದ ಆ ಕಲ್ಲು ಇಂದು ಎಲ್ಲಿದೆಯೋ! ಆದರೆ ಹೊಲದಲ್ಲಿ ಹುಟ್ಟಿದುದಕ್ಕೂ ಹೊಲಕ್ಕೆ ಬಂದುದಕ್ಕೂ ಇರುವ ಭೇದವನ್ನು ಕಣ್ಣಿನಿಂದಲೇ ಅಳೆಯಬಲ್ಲ ಒಕ್ಕಲಿಗನ ಆ ಮಾತು ಮಾತ್ರ ನನ್ನಲ್ಲಿ ಉಳಿಯಿತು. ಬಹುಕಾಲದ ಮೇಲೆ, ಆಕಾಶದಿಂದ ಬಿದ್ದ ಕಲ್ಲು ಕಬ್ಬಿಣಗಳ ಚರಿತ್ರೆಯನ್ನು ಓದತೊಡಗಿದಾಗ, ಆ ಚರಿತ್ರೆಯೆಲ್ಲ ಅಜ್ಜನ ಆ ಒಂದು ಮಾತಿನ ವಿಸ್ತಾರವೆಂದೇ ನನಗೆ ತೋರಿತು.

ಜಗತ್ತಿನ ಉಲ್ಕಾಶಿಲೆಗಳ ಪಟ್ಟಿಯಲ್ಲಿ ಧಾರವಾಡದ ಹೆಸರೂ ಉಂಟೆಂಬುದನ್ನು ನಮ್ಮ ಜಿಲ್ಲೆಯಲ್ಲಿ ಅರಿತವರು ವಿರಳ. ಅಂತಹ ಶಿಲೆಗೆ, ಅದು ಬಿದ್ದ ಅಥವಾ ದೊರೆತ ಸ್ಥಳದ ಹೆಸರನ್ನೇ ಇಡುವುದು ವಿದ್ವಾಂಸರ ವಾಡಿಕೆ. ಆ ವಾಡಿಕೆಯಂತೆ ‘ಧಾರ್ವಾರ್’ ಎಂಬ ಹೆಸರನ್ನು ಹೊತ್ತ ಶಿಲೆಯೊಂದು 1848ನೆಯ ಇಸವಿಯ ಫೆಬ್ರವರಿ 15ರಂದು ನೆಲಕ್ಕಿಳಿದುದಾಗಿ ಆ ಪಟ್ಟಿ ಹೇಳುತ್ತದೆ. ಬಿದ್ದ ಸ್ಥಳ ನೆಗಳೂರು. ಆಂಗ್ಲರ ಲೇಖನಿಯಲ್ಲಿ ಅದು ‘ನೆಗ್ಲೂರ್’ ಆಯಿತು. ಅಂದಿನ ಧಾರವಾಡ ಜಿಲ್ಲೆಯ ತೆಂಕಣ ಅಂಚಿನಲ್ಲಿ, ಗುತ್ತಲದ ಬಳಿಯಲ್ಲಿ, ವರದೆಯು ತುಂಗಭದ್ರೆಯನ್ನು ಕೂಡುವ ಗಳಗನಾಥದ ಸಂಗಮಕ್ಕೆ ಬಹು ದೂರವಲ್ಲದ ಊರದು. ಗುಪ್ತಚಕ್ರವರ್ತಿಗಳ ವಂಶದವರು ತಾವೆಂದು ಶಾಸನಗಳಲ್ಲಿ ಹೇಳಿಕೊಂಡ ಗುತ್ತರು ಆಳಿದ ಸೀಮೆ; ಅಂಬಿಗರ ಚೌಡಯ್ಯನ ಚೌಡದಾನಪುರವಿರುವ ಸೀಮೆ; ಕನ್ನಡ ಕಾದಂಬರಿಯ ಹಿರಿಯರಲ್ಲೊಬ್ಬರಾದ ವೆಂಕಟೇಶ ತಿರಕೋ ಕುಲಕರ್ಣಿಯವರು ‘ಗಳಗನಾಥ’ವೆಂಬ ತಮ್ಮ ಕಾವ್ಯನಾಮವನ್ನು ಆರಿಸಿಕೊಂಡ ಸೀಮೆ. 1997ರಲ್ಲಿ ಧಾರವಾಡ ಜಿಲ್ಲೆಯು ಮೂರಾಗಿ ಒಡೆದಾಗ ನೆಗಳೂರು ಹಾವೇರಿಯ ಪಾಲಿಗೆ ಹೋಯಿತು. ಶಿಲೆಯ ಹೆಸರು ಮಾತ್ರ ಧಾರವಾಡವಾಗಿಯೇ ಉಳಿದಿದೆ. ಅದರ ತೂಕ ಸುಮಾರು 1.8 ಕಿಲೋಗ್ರಾಂ, ಎಂದರೆ ನಾಲ್ಕು ಪೌಂಡು.

ಆ ದಿನ ಮಂಗಳವಾರ; ಪ್ಲವಂಗ ಸಂವತ್ಸರದ ಮಾಘಮಾಸ. ಕಿತ್ತೂರು ಬಿದ್ದು ಇಪ್ಪತ್ತಮೂರು ವರ್ಷಗಳಾಗಿದ್ದವು. ನರಗುಂದದ ಬಾಬಾಸಾಹೇಬರು ಕತ್ತಿ ಹಿರಿಯುವುದಕ್ಕೆ ಇನ್ನೂ ಹತ್ತು ವರ್ಷಗಳಿದ್ದವು. ವಿಂಗೇಟರೆಂಬ ಆಂಗ್ಲ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಕಂದಾಯದ ಮೋಜಣಿದಾರರು ಸರಪಳಿ ಹಿಡಿದು ದಕ್ಷಿಣ ಮಹಾರಾಷ್ಟ್ರವೆಂದು ಕರೆಯಲ್ಪಡುತ್ತಿದ್ದ ಈ ಕನ್ನಡ ನಾಡಿನ ಹೊಲಹೊಲವನ್ನೂ ಅಳೆದು, ಎರೆಯೆಷ್ಟು ಮಸಾರಿಯೆಷ್ಟು ಎಂದು ತರತರವಾಗಿ ವಿಂಗಡಿಸುತ್ತಿದ್ದ ಕಾಲವದು. ಮಾಘಮಾಸವೆಂದರೆ ನಮ್ಮಲ್ಲಿ ಸುಗ್ಗಿ. ಬಿಳಿಜೋಳದ ತೆನೆ ಕಟ್ಟಿ, ಕಣ ಮಾಡಿ, ರಾಶಿಗೆ ಅಣಿಯಾಗುವ ಹೊತ್ತು. ಮನೆಯಲ್ಲಿರುವವರಿಗಿಂತ ಹೊಲದಲ್ಲಿರುವವರೇ ಹೆಚ್ಚು. ಮುಗಿಲಿಲ್ಲದ ಆ ಋತುವಿನ ಆಕಾಶದಿಂದ ಕಲ್ಲು ಬಿದ್ದುದು ಇಂತಹ ಜನರ ನಡುವೆ. ಆ ಸುದ್ದಿ ಕಚೇರಿಯನ್ನು ಮುಟ್ಟಿತು, ಅಲ್ಲಿಂದ ವಿದ್ವಾಂಸರನ್ನು ಮುಟ್ಟಿತು, ತಾರೀಖು ತಿಂಗಳುಗಳೊಡನೆ ಗ್ರಂಥಸ್ಥವಾಯಿತು. ನಮ್ಮ ಕಥೆಗಳಲ್ಲಿಯೂ ಲಾವಣಿಗಳಲ್ಲಿಯೂ ಅದಕ್ಕೆ ಸಲ್ಲಬೇಕಾದ ಎಡೆ ದೊರೆಯಲಿಲ್ಲ. ಇದು ನನಗೆ ನೋವಿನ ಸಂಗತಿ. ಮೊಗಲ ಅರಸ ಜಹಾಂಗೀರನ ಕಾಲದಲ್ಲಿ ಬಿದ್ದ ಕಬ್ಬಿಣದ ಕಥೆಯನ್ನು ಲೋಕವೆಲ್ಲ ಓದುತ್ತದೆ. ನಮ್ಮ ಹೊಲಕ್ಕೆ ಬಿದ್ದ ಕಲ್ಲಿನ ಕಥೆಯನ್ನು ನಾವೇ ಕೇಳಿಲ್ಲ.

ನೆಗಳೂರಿನದು ಕಲ್ಲು, ಕಬ್ಬಿಣವಲ್ಲವಷ್ಟೆ ಎಂದು ಯಾರಾದರೂ ಕೇಳಬಹುದು. ನಿಜ. ವಿದ್ವಾಂಸರು ಅದನ್ನು ಸಾಮಾನ್ಯ ಕಾಂಡ್ರೈಟ್ ಎಂಬ ವರ್ಗದಲ್ಲಿ ಸೇರಿಸಿದ್ದಾರೆ. 1865ರ ಸೆಪ್ಟೆಂಬರ್ 21ರಂದು ಮೈಸೂರು ಸಂಸ್ಥಾನದ ಮದ್ದೂರಿನ ಬಳಿ ಬಿದ್ದುದೂ, ಮರುವರ್ಷದ ಏಪ್ರಿಲ್‌ನಲ್ಲಿ ಉಡುಪಿಯ ಹತ್ತಿರ ಬಿದ್ದುದೂ ಇದೇ ಬಳಗದವು. ಹತ್ತೊಂಬತ್ತು ವರ್ಷ ತುಂಬುವುದರೊಳಗಾಗಿ ಕನ್ನಡ ನೆಲ ಹೀಗೆ ಮೂರು ಬಾರಿ ಆಕಾಶದ ಅತಿಥಿಯನ್ನು ಬರಮಾಡಿಕೊಂಡಿತು. ಆದರೆ ಈ ಜಾತಿಯ ಕಲ್ಲನ್ನು ಕೊಯ್ದು ಉಜ್ಜಿದರೆ, ಬೂದುಬಣ್ಣದ ಮೈಯಲ್ಲಿ ಬೆಳ್ಳಗೆ ಹೊಳೆಯುವ ಲೋಹದ ಕಣಗಳು ಸಾಸಿವೆ ಚೆಲ್ಲಿದಂತೆ ಕಾಣುತ್ತವೆ. ಅವು ನಿಕ್ಕಲ್ ಬೆರೆತ ಕಬ್ಬಿಣ. ಅಯಸ್ಕಾಂತವನ್ನು ಹತ್ತಿರ ತಂದರೆ ಕಲ್ಲು ಎಳೆತಕ್ಕೆ ಒಳಗಾಗುತ್ತದೆ. ಇಂತಹ ಕಲ್ಲಿನ ಮುದ್ದೆಗಳು ಒಂದಾಗಿ ಸೇರಿ ದೊಡ್ಡ ಪಿಂಡವಾಗಿ, ಕಾದು ಕರಗಿ, ಭಾರವಾದ ಕಬ್ಬಿಣವು ತಳಕ್ಕಿಳಿದು ಗರ್ಭದಲ್ಲಿ ಗಟ್ಟಿಗೊಂಡು, ಮುಂದೆ ಆ ಪಿಂಡವೇ ಹೊಡೆತಕ್ಕೆ ಸಿಕ್ಕಿ ಒಡೆದಾಗ ಹೊರಚೆಲ್ಲಿದ ಗರ್ಭದ ತುಣುಕೇ ಕಬ್ಬಿಣದ ಉಲ್ಕೆ. ನೆಗಳೂರಿನ ಕಲ್ಲು ಆ ಮನೆತನದ ಕರಗದ ಕವಲು. ಇನ್ನು ಹೇಳಲಿರುವ ಕಬ್ಬಿಣಗಳು ಕರಗಿದ ಕವಲು. ಬೀಳುವುದನ್ನು ಜನ ಕಣ್ಣಾರೆ ಕಂಡ ನೂರು ಉಲ್ಕೆಗಳಲ್ಲಿ ಕಬ್ಬಿಣದವು ಐದಾರಕ್ಕೆ ಮೀರವಾದುದರಿಂದ ಅವುಗಳಿಗೆ ಮನ್ನಣೆ ಹೆಚ್ಚು.

ನಮ್ಮ ಪೂರ್ವಿಕರು ಇವನ್ನು ನೋಡಿರಲಿಲ್ಲವೆ? ನೋಡಿದ್ದರು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಉಲ್ಕಾಲಕ್ಷಣಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಧಿಷ್ಣ್ಯಾ, ಉಲ್ಕಾ, ಅಶನಿ, ವಿದ್ಯುತ್, ತಾರಾ ಎಂದು ಐದು ಭೇದಗಳನ್ನು ಹೇಳಿದ್ದಾನೆ. ಸ್ವರ್ಗದಲ್ಲಿ ಪುಣ್ಯಫಲವನ್ನು ಉಂಡು ತೀರಿಸಿ ಕೆಳಗೆ ಬೀಳುವವರ ರೂಪಗಳೇ ಉಲ್ಕೆಗಳೆಂಬುದು ಆತನು ಉದ್ಧರಿಸುವ ನಂಬಿಕೆ. ಅದು ನಂಬಿಕೆಯ ಮಾತಾಯಿತು; ಆದರೆ ಅಶನಿಯ ವಿಷಯವಾಗಿ, ಮಹಾಶಬ್ದದೊಡನೆ ಚಕ್ರದಂತೆ ತಿರುಗುತ್ತ ಬಂದು ನೆಲವನ್ನು ಸೀಳುತ್ತದೆಂದು ಅವನು ಬರೆಯುವಲ್ಲಿ, ಕಂಡವರಿಂದ ಕೇಳಿದ ಸಾಕ್ಷ್ಯದ ಬಿಸುಪು ಇದೆಯೆಂದು ನನ್ನ ಎಣಿಕೆ. ನಮ್ಮ ಕಡೆಯ ಹೆಂಗಸರು ಇಂದಿಗೂ ‘ಚಿಕ್ಕಿ ಬಿತ್ತು’ ಎನ್ನುತ್ತಾರೆ. ಗುಡಿಯ ಕಟ್ಟೆಯ ಮೇಲೋ ಬೇವಿನ ಮರದ ಬುಡದಲ್ಲೋ ಇಟ್ಟು ‘ಸಿಡಿಲಿನ ಕಲ್ಲು’ ಎಂದು ಕುಂಕುಮ ಹಚ್ಚುವ ನುಣುಪಾದ ಕಲ್ಲುಗಳಲ್ಲಿ ಹೆಚ್ಚಿನವು ಆಕಾಶದವಲ್ಲ, ನವಶಿಲಾಯುಗದ ಮನುಷ್ಯನು ಉಜ್ಜಿ ಮಾಡಿದ ಕೊಡಲಿಗಳು. ಹಾಗಿದ್ದರೂ ಆ ಪೂಜೆಯನ್ನು ನಾನು ಹಳಿಯಲಾರೆ. ಈ ಕಲ್ಲು ಈ ಹೊಲದ್ದಲ್ಲ, ಬೇರೆಲ್ಲಿಂದಲೋ ಬಂದುದು ಎಂಬ ಸೂಕ್ಷ್ಮ ನೋಟವೇ ಅಲ್ಲಿ ಭಕ್ತಿಯ ರೂಪವನ್ನು ತಾಳಿದೆ.

ಈ ನೋಟ ಯೂರೋಪಿನ ಪಂಡಿತರಿಗೆ ತಡವಾಗಿ ಬಂದಿತು. 1749ರಲ್ಲಿ ಸೈಬೀರಿಯದ ಯೆನಿಸೇ ನದಿಯ ಸೀಮೆಯಲ್ಲಿ, ಮೆದ್ವೆದೆವ್ ಎಂಬ ಕಮ್ಮಾರನು ಬೆಟ್ಟದ ಬೆನ್ನಿನ ಮೇಲೆ ಒಂಟಿಯಾಗಿ ಬಿದ್ದಿದ್ದ ದೊಡ್ಡದೊಂದು ಕಬ್ಬಿಣದ ಗುಂಡನ್ನು ಕಂಡು, ಅದರ ನಾದವೂ ಬಿಳುಪೂ ಸಾಮಾನ್ಯ ಕಬ್ಬಿಣದವಲ್ಲವೆಂದು ಬಗೆದು, ಬಹು ಕಷ್ಟದಿಂದ ಅದನ್ನು ತನ್ನ ಮನೆಗೆ ಸಾಗಿಸಿಕೊಂಡಿದ್ದನು. ಅದು ಆಕಾಶದಿಂದ ಬಿದ್ದ ಪವಿತ್ರವಸ್ತುವೆಂದು ಅಲ್ಲಿಯ ತಾರ್ತರರು ನಂಬಿದ್ದರು. 1772ರಲ್ಲಿ ಅಲ್ಲಿಗೆ ಹೋದ ಪಲ್ಲಾಸ್ ಎಂಬ ವಿದ್ವಾಂಸನು ಸುಮಾರು 700 ಕಿಲೋಗ್ರಾಂ ತೂಕದ ಆ ಗುಂಡನ್ನು ಸೇಂಟ್ ಪೀಟರ್ಸ್‌ಬರ್ಗಿಗೆ ಕಳುಹಿಸಿದನು. ಅದನ್ನೇ ಆಧಾರವಾಗಿಟ್ಟುಕೊಂಡು, ಇಂತಹ ಕಬ್ಬಿಣ ಭೂಮಿಯದಲ್ಲ, ಅಂತರಿಕ್ಷದಿಂದ ಬಂದುದು ಎಂದು 1794ರಲ್ಲಿ ಖ್ಲಾದ್ನಿ ಎಂಬಾತನು ಪುಸ್ತಕ ಬರೆದಾಗ, ಬಲ್ಲವರೆನಿಸಿಕೊಂಡ ಹಲವರು ಅವನನ್ನು ನಕ್ಕು ತಳ್ಳಿದರು. ಕಮ್ಮಾರನೂ ಕುರುಬನೂ ಹೇಳಿದುದು ಸಾಕ್ಷ್ಯವೆನಿಸುತ್ತಿರಲಿಲ್ಲ. ಆ ಅಪನಂಬಿಕೆಯನ್ನು ಮುರಿದ ಪ್ರಮಾಣಗಳಲ್ಲಿ ಒಂದು ಹೋದುದು ನಮ್ಮ ದೇಶದಿಂದಲೇ. 1798ರ ಡಿಸೆಂಬರ್ 19ರ ಸಂಜೆ ಕಾಶಿಯ ಬಳಿಯ ಕ್ರಾಖುತ್ ಎಂಬ ಹಳ್ಳಿಯ ಸುತ್ತ ಕಲ್ಲುಗಳು ಬಿದ್ದವು. ಲಂಡನ್ನಿನಲ್ಲಿ ಹೋವರ್ಡ್ ಎಂಬ ರಸಾಯನಶಾಸ್ತ್ರಜ್ಞನು ಆ ಕಲ್ಲುಗಳನ್ನೂ ಬೇರೆ ದೇಶಗಳಲ್ಲಿ ಬಿದ್ದ ಕಲ್ಲುಗಳನ್ನೂ, ಅವುಗಳ ಜೊತೆಗೆ ಬಯಲಿನಲ್ಲಿ ದೊರೆತ ಒಂಟಿ ಕಬ್ಬಿಣದ ಗುಂಡುಗಳನ್ನೂ ಶೋಧಿಸಿ, ಎಲ್ಲದರ ಲೋಹದಲ್ಲಿಯೂ ನಿಕ್ಕಲ್ ಇದೆಯೆಂದು 1802ರಲ್ಲಿ ಪ್ರಕಟಿಸಿದನು. ಕಲ್ಲಿಗೂ ಕಬ್ಬಿಣಕ್ಕೂ ಇರುವ ಬಾಂಧವ್ಯ ಅಲ್ಲಿ ಬೆಳಕಿಗೆ ಬಂದಿತು. ಮರುವರ್ಷದ ಏಪ್ರಿಲ್‌ನಲ್ಲಿ ಫ್ರಾನ್ಸಿನ ಲೇಗ್ಲ್ ಎಂಬಲ್ಲಿ ಹಾಡಹಗಲಲ್ಲಿ ಸುಮಾರು ಮೂರು ಸಾವಿರ ಕಲ್ಲುಗಳು ಸುರಿದ ಮೇಲೆ ವಾದಿಸುವವರು ಉಳಿಯಲಿಲ್ಲ.

ಇದಕ್ಕೆ ಎರಡು ಶತಮಾನಗಳಷ್ಟು ಹಿಂದೆಯೇ, ಯಾವ ಸಂಶಯವೂ ಇಲ್ಲದೆ, ಆಕಾಶದ ಕಬ್ಬಿಣವನ್ನು ತೂಗಿಸಿ, ಕಾಯಿಸಿ, ಬಡಿಸಿ, ಅದರ ಗುಣದೋಷಗಳನ್ನು ಬರೆದಿಟ್ಟ ಅರಸನೊಬ್ಬನು ನಮ್ಮ ದೇಶದಲ್ಲಿದ್ದನು. ಜಹಾಂಗೀರನ ಆತ್ಮಚರಿತ್ರೆಯ ಆ ಭಾಗವನ್ನು ಓದಿದಾಗಲೆಲ್ಲ ಅವನ ಕುತೂಹಲದ ನಿರ್ಮಲತೆಗೆ ನಾನು ತಲೆಬಾಗುತ್ತೇನೆ. 1621ರ ಏಪ್ರಿಲ್‌ನ ಒಂದು ಬೆಳಗ್ಗೆ ಪಂಜಾಬಿನ ಜಲಂಧರದ ಪರಗಣೆಯ ಹಳ್ಳಿಯೊಂದರಲ್ಲಿ, ಮೂಡಣ ದಿಕ್ಕಿನಿಂದ ಜೀವ ನಡುಗುವಂತಹ ಸಪ್ಪಳವೆದ್ದು, ಅದರ ನಡುವೆ ಬೆಳಕೊಂದು ಮೇಲಿನಿಂದ ನೆಲಕ್ಕೆ ಬಿದ್ದಿತು. ಪರಗಣೆಯ ಅಧಿಕಾರಿಯಾದ ಮಹಮ್ಮದ್ ಸಯೀದನು ಕುದುರೆಯೇರಿ ಅಲ್ಲಿಗೆ ಹೋಗಿ ನೋಡಲಾಗಿ, ಹತ್ತು ಹನ್ನೆರಡು ಗಜಗಳಷ್ಟು ನೆಲ ಹುಲ್ಲಿನ ಕುರುಹೂ ಉಳಿಯದಂತೆ ಸುಟ್ಟು ಹೋಗಿತ್ತು. ಅಗೆಯಿಸಿದಷ್ಟೂ ಬಿಸಿ ಹೆಚ್ಚಿತು. ತಳದಲ್ಲಿ, ಕುಲುಮೆಯಿಂದ ಆಗತಾನೆ ಹೊರತೆಗೆದಂತಹ ಕಬ್ಬಿಣದ ಗಡ್ಡೆ ದೊರೆಯಿತು. ಆತನು ಅದನ್ನು ಚೀಲದಲ್ಲಿಟ್ಟು ಮುದ್ರೆಯೊತ್ತಿ ಅರಮನೆಗೆ ಕಳುಹಿಸಿದನು. ಅರಸನ ಸಮ್ಮುಖದಲ್ಲಿ ತೂಗಿದಾಗ ಅದು 160 ತೊಲಗಳಷ್ಟಾಯಿತು.

ಉಸ್ತಾದ್ ದಾವೂದನೆಂಬ ಕಮ್ಮಾರನಿಗೆ, ಇದರಿಂದ ಕತ್ತಿಯನ್ನೂ ಕಠಾರಿಯನ್ನೂ ಚೂರಿಯನ್ನೂ ಮಾಡಿ ತರುವಂತೆ ಅಪ್ಪಣೆಯಾಯಿತು. ದಾವೂದನು ಮರಳಿ ಬಂದು, ಈ ಕಬ್ಬಿಣವು ಸುತ್ತಿಗೆಯ ಕೆಳಗೆ ನಿಲ್ಲುವುದಿಲ್ಲ, ಪುಡಿಪುಡಿಯಾಗುತ್ತದೆ ಎಂದು ಬಿನ್ನವಿಸಿದನು. ಹಾಗಿದ್ದರೆ ಬೇರೆ ಕಬ್ಬಿಣವನ್ನು ಬೆರೆಸು ಎಂದನು ಅರಸು. ಮೂರು ಪಾಲು ಸಿಡಿಲಿನ ಕಬ್ಬಿಣಕ್ಕೆ ಒಂದು ಪಾಲು ನೆಲದ ಕಬ್ಬಿಣ ಕೂಡಿದಾಗ, ಎರಡು ಕತ್ತಿಗಳೂ ಒಂದು ಕಠಾರಿಯೂ ಒಂದು ಚೂರಿಯೂ ಆದವು. ಕತ್ತಿಗಳು ಬಾಗಿ ನೆಟ್ಟಗಾಗುತ್ತಿದ್ದವು, ಹೆಸರಾಂತ ಕತ್ತಿಗಳಿಗೆ ಸಮನಾಗಿ ಕತ್ತರಿಸುತ್ತಿದ್ದವು. ಬೇಬದಲ್ ಖಾನನೆಂಬ ಆಸ್ಥಾನಕವಿ ಈ ಪ್ರಸಂಗದ ಮೇಲೆ ಪದ್ಯ ಕಟ್ಟಿದನು. ಆ ಚೂರಿ ಇಂದು ಅಮೆರಿಕದ ವಾಷಿಂಗ್ಟನ್ ನಗರದಲ್ಲಿ, ಸ್ಮಿತ್ಸೋನಿಯನ್ ಸಂಸ್ಥೆಯ ಫ್ರೀಯರ್ ಕಲಾಶಾಲೆಯಲ್ಲಿದೆ. ಈ ವೃತ್ತಾಂತದಲ್ಲಿ ನನ್ನ ಮನಸ್ಸು ನಿಲ್ಲುವುದು ಕತ್ತಿಯ ಮೇಲಲ್ಲ, ದಾವೂದನ ಮಾತಿನ ಮೇಲೆ. ಗಂಧಕವೂ ರಂಜಕವೂ ಬೆರೆತ ಅಂತಹ ಕಬ್ಬಿಣ ಕಾದಾಗ ಒಡೆಯುವುದೆಂಬುದನ್ನು ಇಂದಿನ ಲೋಹಶಾಸ್ತ್ರ ವಿವರಿಸುತ್ತದೆ; ದಾವೂದನು ಅದನ್ನು ತನ್ನ ಕೈಯ ಅನುಭವದಿಂದಲೇ ಕಂಡುಕೊಂಡನು. ಕಾರಹುಣ್ಣಿಮೆಗೆ ಮುನ್ನ ಕುಡ ಹದಮಾಡಿಸಿಕೊಳ್ಳಲು ನಮ್ಮೂರಿನ ಕಮ್ಮಾರಸಾಲೆಯ ಮುಂದೆ ಸಾಲುಗಟ್ಟಿ ಕುಳಿತವರಿಗೆ, ಕಬ್ಬಿಣವು ಅಡಿಗಲ್ಲಿನ ಮೇಲೆ ಹೊರಡಿಸುವ ಸದ್ದಿನಿಂದಲೇ ಅದರ ಕುಲವನ್ನು ಹೇಳುವ ಆ ವಿದ್ಯೆ ಅಪರಿಚಿತವಲ್ಲ.

ತೆಂಕಣ ಭಾರತದಲ್ಲಿಯೂ ಕಬ್ಬಿಣ ಬಿದ್ದುದುಂಟು. 1870ರ ಜನವರಿ 23ರಂದು ವಿಶಾಖಪಟ್ಟಣದ ಸೀಮೆಯ ನೆಡಗೊಲ್ಲ ಎಂಬಲ್ಲಿ ನಾಲ್ಕೂವರೆ ಕಿಲೋಗ್ರಾಂಗಳಷ್ಟರದೊಂದು ಬಿದ್ದಿತು. 1898ರಲ್ಲಿ ಪಳನಿ ಬೆಟ್ಟಗಳ ಕೊಡೈಕೆನಾಲಿನಲ್ಲಿ ಹದಿನಾರು ಕಿಲೋಗ್ರಾಂಗಳಷ್ಟರದೊಂದು ದೊರೆಯಿತು. ಕಬ್ಬಿಣದ ನಡುವೆ ಗಾಜಿನಂತಹ ಶಿಲಾಕಣಗಳು ಹುದುಗಿರುವ ಆ ಗಡ್ಡೆ ಇಂದಿಗೂ ವಿದ್ವಾಂಸರ ಆಸಕ್ತಿಯನ್ನು ಸೆಳೆಯುತ್ತಿದೆ. ಇವು ತಲೆಯ ಮೇಲೆ ಹೊತ್ತು ನಡೆಯಬಹುದಾದ ಗಾತ್ರದವು.

ಹೊರಲೂ ಎಳೆಯಲೂ ಆಗದೆ ಬಿದ್ದಲ್ಲಿಯೇ ಉಳಿದ ಕಬ್ಬಿಣವೊಂದಿದೆ. ಭೂಮಿಯ ಮೇಲೆ ಒಂದೇ ತುಂಡಾಗಿ ದೊರೆತ ಉಲ್ಕೆಗಳಲ್ಲೆಲ್ಲ ಅದೇ ಹಿರಿದು. ಆಫ್ರಿಕದ ನೈಋತ್ಯದಲ್ಲಿ, ಇಂದಿನ ನಮೀಬಿಯ ದೇಶದ ಗ್ರೂಟ್‌ಫಾಂಟೇನ್ ಎಂಬ ಊರಿನ ಬಳಿ, ಹೋಬಾ ಎಂಬ ಹೊಲವಿದೆ. ಅದರ ಒಡೆಯನಾಗಿದ್ದ ಯಾಕೋಬಸ್ ಹರ್ಮಾನಸ್ ಬ್ರಿಟ್ಸ್ ಎಂಬವನು ಎತ್ತು ಹೂಡಿ ನೇಗಿಲು ಹೊಡೆಯುತ್ತಿರುವಾಗ ಕರಕರನೆ ಲೋಹ ಕೊರೆದ ಸದ್ದಾಗಿ ನೇಗಿಲು ಥಟ್ಟನೆ ನಿಂತಿತೆಂಬುದು ಜನ ಹೇಳುವ ಕಥೆ. ಒಕ್ಕಲುಮಗನಾದ ನನಗೆ ಆ ಕಥೆಯ ಮೇಲೆ ಎಷ್ಟು ಮೋಹವಿದ್ದರೂ, ಬ್ರಿಟ್ಸನೇ ಕೊಟ್ಟ ಹೇಳಿಕೆಯನ್ನು ನಂಬುವುದು ನ್ಯಾಯ. ಅವನು ಹೇಳಿದುದಿಷ್ಟು: 1920ರ ಚಳಿಗಾಲದಲ್ಲಿ ಬೇಟೆಗೆಂದು ತಿರುಗುತ್ತಿದ್ದಾಗ ವಿಚಿತ್ರವಾದ ಬಂಡೆಯೊಂದನ್ನು ಕಂಡು ಅದರ ಮೇಲೆ ಕುಳಿತುಕೊಂಡನು, ಮೇಲ್ಭಾಗವಷ್ಟೇ ಹೊರಗೆ ಕಾಣುತ್ತಿತ್ತು, ಬಂಡೆ ಕಪ್ಪಾಗಿತ್ತು, ಸುತ್ತಲಿನ ನೆಲವೆಲ್ಲ ಸುಣ್ಣದ ನೆಲ. ಚಾಕುವಿನಿಂದ ಗೀರಿದಾಗ ಒಳಗೆ ಹೊಳಪು ತೋರಿತು. ಆಗ ಉಳಿಯಿಂದ ಒಂದು ಚೂರನ್ನು ಕಿತ್ತು ಗ್ರೂಟ್‌ಫಾಂಟೇನಿನಲ್ಲಿದ್ದ ಗಣಿಯ ಕಂಪನಿಯವರಿಗೆ ಒಯ್ದು ತೋರಿಸಿದನು, ಅಲ್ಲಿಯ ಅಧಿಕಾರಿ ಅದು ಉಲ್ಕೆಯೆಂದು ನಿರ್ಧರಿಸಿದನು.

ಸುಣ್ಣದ ನೆಲದಲ್ಲಿ ಕಪ್ಪು ಬಂಡೆ! ಇದು ಇಲ್ಲಿಯದಲ್ಲ ಎಂದು ಅವನ ಕಣ್ಣು ಹೇಳಿತು. ಅಜ್ಜನು ಕುಂಟೆ ನಿಲ್ಲಿಸಿ ಕಂಡುದೂ ಇದನ್ನೇ. ಸುತ್ತಲಿನ ಮಣ್ಣನ್ನು ತೆಗೆದಾಗ ಹೊರಬಿದ್ದುದು ಸುಮಾರು ಎರಡೂಮುಕ್ಕಾಲು ಮೀಟರು ಉದ್ದ, ಅಷ್ಟೇ ಅಗಲ, ಒಂದು ಮೀಟರಿಗೆ ತುಸು ಕಡಮೆ ದಪ್ಪದ ಹಾಸುಗಬ್ಬಿಣ. ತೂಕ ಸುಮಾರು ಅರುವತ್ತು ಟನ್. ನೂರರಲ್ಲಿ ಎಂಬತ್ತನಾಲ್ಕು ಪಾಲು ಕಬ್ಬಿಣ, ಹದಿನಾರು ಪಾಲು ನಿಕ್ಕಲ್. ಅದು ಬಿದ್ದು ಎಂಬತ್ತು ಸಾವಿರ ವರ್ಷಗಳೊಳಗೆ ಎಂದು ಎಣಿಸುತ್ತಾರೆ. ಅಷ್ಟು ಭಾರದ ವಸ್ತು ಬಿದ್ದರೂ ಅಲ್ಲಿ ಕುಳಿಯಿಲ್ಲ. ಚಪ್ಪಟೆಯಾದ ಮೈಯಿಂದ ವಾಯುಮಂಡಲವನ್ನು ಓರೆಯಾಗಿ ಹಾಯ್ದು ಬಂದುದರಿಂದ ಅದರ ವೇಗ ಕುಗ್ಗಿತ್ತೆಂದು ವಿದ್ವಾಂಸರ ಮತ. ನೋಡಲು ಬಂದವರು ಚೂರುಚೂರಾಗಿ ಕಿತ್ತೊಯ್ಯತೊಡಗಿದ್ದರಿಂದ 1955ರ ಮಾರ್ಚ್‌ನಲ್ಲಿ ಸರಕಾರವು ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿತು. 1987ರಲ್ಲಿ ಹೊಲದ ಒಡೆಯನು ಆ ನೆಲವನ್ನೇ ದಾನವಾಗಿ ಕೊಟ್ಟನು. ಈಗ ಸುತ್ತಲೂ ಕಲ್ಲಿನ ಮೆಟ್ಟಿಲುಗಳಿವೆ; ಜನ ಅದರ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. ಗ್ರೀನ್ಲೆಂಡಿನ ಹಿಮಸೀಮೆಯಲ್ಲಿ ಎಸ್ಕಿಮೋ ಜನರು ತಲೆತಲಾಂತರದಿಂದ ಚೂರಿಯ ಅಲಗಿಗೆ ಆಶ್ರಯಿಸಿದ್ದ ಕಬ್ಬಿಣದ ಮಹಾಪಿಂಡಕ್ಕೆ ಈ ಭಾಗ್ಯವಿರಲಿಲ್ಲ. ಪಿಯರಿ ಎಂಬ ಅನ್ವೇಷಕನು 1897ರಲ್ಲಿ ಅದನ್ನು ಹಡಗಿಗೇರಿಸಿ ನ್ಯೂಯಾರ್ಕಿಗೆ ಒಯ್ದನು, ಮುಂದೆ ಅದು ಅಲ್ಲಿಯ ವಸ್ತುಸಂಗ್ರಹಾಲಯಕ್ಕೆ ಮಾರಾಟವಾಯಿತು. ಬಿದ್ದ ನೆಲದಲ್ಲಿಯೇ ಇರಿಸಿ ಕಾಪಾಡಿದ ಹೋಬಾದ ಕ್ರಮವೇ ಉತ್ತಮವೆಂದು ನನಗನಿಸುತ್ತದೆ.

ಇಂತಹ ಕಬ್ಬಿಣ ಆಕಾಶದ್ದೆಂಬುದಕ್ಕೆ ನಿಕ್ಕಲ್ ಒಂದು ಸಾಕ್ಷಿಯಾದರೆ, ಅದರ ಒಳಮೈಯ ಬರೆಹ ಇನ್ನೊಂದು. 1808ರಲ್ಲಿ ವಿಯೆನ್ನಾದ ವಿದ್ಮನ್‌ಷ್ಟೇಟನ್ ಎಂಬಾತನು ಉಲ್ಕೆಯ ಕಬ್ಬಿಣವನ್ನು ಕೊಯ್ದು, ನಯವಾಗಿ ಉಜ್ಜಿ, ಬೆಂಕಿಗೆ ಹಿಡಿದಾಗ, ಉದ್ದಕ್ಕೂ ಅಡ್ಡಕ್ಕೂ ಓರೆಗೂ ಹಾಯ್ದ ಪಟ್ಟಿಗಳು ಒಂದನ್ನೊಂದು ಕತ್ತರಿಸಿ ತ್ರಿಕೋಣಗಳಾಗಿ, ಬಾಣಗಳಾಗಿ ಮೂಡಿ ಬಂದವು. ನವಲಗುಂದದ ಹೆಂಗಸರು ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು ನೆಯ್ಯುವ ಜಮಖಾನೆಯ ಮೇಲೆ ರೇಖೆಗೆ ರೇಖೆ ಕೂಡಿ ಮೂಡುವ ಚಿತ್ತಾರವನ್ನು ಬಲ್ಲವರಿಗೆ ಇದನ್ನು ಬೇರೆಯಾಗಿ ವರ್ಣಿಸಬೇಕಾಗಿಲ್ಲ. ನಿಕ್ಕಲ್ ಹೆಚ್ಚಿರುವ ಕಬ್ಬಿಣವೂ ಕಡಮೆಯಿರುವ ಕಬ್ಬಿಣವೂ ಬೇರ್ಪಟ್ಟು ಪಟ್ಟಿಪಟ್ಟಿಯಾಗಿ ಬೆಳೆಯಬೇಕಾದರೆ, ಕಾದ ಲೋಹವು ಹತ್ತು ಲಕ್ಷ ವರ್ಷಗಳಿಗೆ ಕೆಲವೇ ಡಿಗ್ರಿಗಳಿಂದ ಹಿಡಿದು ಕೆಲವು ನೂರು ಅಥವಾ ಸಾವಿರ ಡಿಗ್ರಿಗಳಷ್ಟು ನಿಧಾನವಾಗಿ ಆರಬೇಕು. ಯಾವ ಕುಲುಮೆಯಲ್ಲಿಯೂ ಅಂತಹ ವಿಳಂಬ ಸಾಧ್ಯವಿಲ್ಲ. ಒಮ್ಮೆ ಕೆಂಪಗೆ ಕಾಯಿಸಿ ಬಡಿದರೆ ಕೋಟಿ ವರ್ಷಗಳ ಈ ನೇಯ್ಗೆ ಅಳಿದು ಹೋಗುತ್ತದೆ. ಹೋಬಾದಲ್ಲಿ ನಿಕ್ಕಲ್ಲಿನ ಪಾಲು ಅತಿಯಾಗಿರುವುದರಿಂದ ಈ ಚಿತ್ತಾರ ಮೂಡುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಧಾರವಾಡದ ಹೆಸರು ಶಿಲಾಶಾಸ್ತ್ರದಲ್ಲಿ ಇನ್ನೊಂದು ಕಡೆಯೂ ಇದೆ. ಅದು ಹೆಚ್ಚು ಪ್ರಸಿದ್ಧವೂ ಆಗಿದೆ. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿಯು ಈ ಸೀಮೆಯನ್ನೆಲ್ಲ ಸುತ್ತಿ, ಕಪ್ಪತಗುಡ್ಡದಂತಹ ಗುಡ್ಡಗಳ ಕಬ್ಬಿಣಭರಿತ ಪಟ್ಟೆಶಿಲೆಗಳನ್ನು ಪರಿಶೀಲಿಸಿ, 1880ರ ದಶಕದಲ್ಲಿ ಈ ಶಿಲಾಸಮೂಹಕ್ಕೆ ಧಾರವಾಡದ ಹೆಸರನ್ನಿಟ್ಟನು. ಅವುಗಳ ವಯಸ್ಸು 260ರಿಂದ 290 ಕೋಟಿ ವರ್ಷಗಳು. ನೆಗಳೂರಿನ ಕಲ್ಲಿನ ಜಾತಿಯ ಉಲ್ಕೆಗಳಾದರೋ ಸುಮಾರು 456 ಕೋಟಿ ವರ್ಷಗಳ ಹಿಂದೆ, ಭೂಮಿಯೇ ಇನ್ನೂ ಪೂರ್ತಿ ರೂಪುಗೊಳ್ಳದಿದ್ದಾಗ, ಸೂರ್ಯನ ಸುತ್ತಲಿನ ಧೂಳಿನಿಂದ ಆದವು. ನೆಲದಲ್ಲಿ ಹುಟ್ಟಿದ ಧಾರವಾಡದ ಕಲ್ಲನ್ನು ಕಾಲೇಜಿನ ಹುಡುಗರು ಪಾಠವಾಗಿ ಓದುತ್ತಾರೆ. ನೆಲಕ್ಕೆ ಬಂದ ಧಾರವಾಡದ ಕಲ್ಲು ಅದಕ್ಕಿಂತ ಹಳೆಯದು, ಅದನ್ನೂ ಅವರಿಗೆ ಕಲಿಸಬೇಕು.

ಈಗ ಎರೆಯ ಹೊಲಗಳಲ್ಲಿ ರಂಟೆಯ ಬದಲು ಟ್ರ್ಯಾಕ್ಟರು ಓಡುತ್ತಿದೆ. ಎತ್ತಿನ ಹಿಂದೆ ನಡೆಯುವವನ ಅಂಗಾಲಿಗೆ ತಿಳಿಯುತ್ತಿದ್ದುದು ಟ್ರ್ಯಾಕ್ಟರಿನ ಮೇಲೆ ಕುಳಿತವನಿಗೆ ತಿಳಿಯಲಾರದು. ಆದಕಾರಣ ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಒಕ್ಕಲು ಬಂಧುಗಳಲ್ಲಿ ನನ್ನದೊಂದು ಕೋರಿಕೆ. ಕಲ್ಲು ಹುಟ್ಟದ ನಿಮ್ಮ ಹೊಲದಲ್ಲಿ ಗಾತ್ರಕ್ಕೆ ಮೀರಿದ ತೂಕದ ಕಲ್ಲು ಸಿಕ್ಕಿದರೆ, ಸುಟ್ಟು ಕರಿಗಟ್ಟಿದ ತೆಳುವಾದ ತೊಗಟೆ ಅದರ ಮೇಲಿದ್ದರೆ, ರೊಟ್ಟಿಯ ಹಿಟ್ಟಿನಲ್ಲಿ ಹೆಬ್ಬೆರಳು ಒತ್ತಿದಂತಹ ತಗ್ಗುಗಳಿದ್ದರೆ, ಅಯಸ್ಕಾಂತ ಅದಕ್ಕೆ ಅಂಟಿಕೊಂಡರೆ, ಅದನ್ನು ಬದುವಿಗೆಸೆದು ಮರೆಯಬೇಡಿರಿ. ಒಳಗೆ ಗುಳ್ಳೆಗುಳ್ಳೆಯಾಗಿ ತೂತುಗಳಿದ್ದರೆ ಅದು ಹಿಂದಿನವರು ಕಬ್ಬಿಣ ಕಾಸಿದಾಗ ಉಳಿದ ಕಿಟ್ಟವಾಗಿರಬಹುದು. ಅದಿದ್ದರೂ ಚಿಂತೆಯಿಲ್ಲ, ತೋರಿಸಿರಿ. ಒಡೆಯಬೇಡಿರಿ, ಕಾಯಿಸಬೇಡಿರಿ. ಸಿಕ್ಕಿದ ಜಾಗಕ್ಕೆ ಗುರುತು ಮಾಡಿ, ತಾರೀಖು ಬರೆದಿಟ್ಟು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೋ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಗೋ ತಿಳಿಸಿರಿ. ನೆಗಳೂರಿನ ಹಿರಿಯರಲ್ಲಿ ಇನ್ನೊಂದು ಪ್ರಾರ್ಥನೆಯಿದೆ: ಊರಿನ ಅಗಸಿಯ ಬಳಿ, ಎಲ್ಲರ ಕಣ್ಣಿಗೂ ಬೀಳುವಂತೆ ಒಂದು ಕಲ್ಲನ್ನು ನಿಲ್ಲಿಸಿ, ‘ಈ ಊರಿನ ನೆಲಕ್ಕೆ 1848ನೆಯ ಫೆಬ್ರವರಿ 15ರಂದು ಆಕಾಶದಿಂದ ಶಿಲೆ ಬಿದ್ದಿತು’ ಎಂದು ಕನ್ನಡದಲ್ಲಿ ಕೊರೆಸಿರಿ.